ಕೌದಿಯ ಹೊಟ್ಟೆಯಲ್ಲಿದ್ದದ್ದು

ನಲವತ್ತಾರು ವರ್ಷ ಕತ್ತರಿ ಹಿಡಿದವನು ನಾನು. ಈ ನಲವತ್ತಾರು ವರ್ಷದಲ್ಲಿ ನನ್ನ ಕತ್ತರಿ ಕೂದಲೆಳೆಯಷ್ಟೂ ತಪ್ಪಿದ್ದಿಲ್ಲ. ಬಟ್ಟೆಯ ಮೇಲೆ ಬೆರಳಿಟ್ಟರೆ ಸಾಕು, ಅದನ್ನು ನೇಯ್ದವನು ಯಾರು, ಆ ದಿನ ಏನು ಉಂಡಿದ್ದ, ಉಂಡದ್ದು ಅರಗಿತ್ತೇ ಇಲ್ಲವೇ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ದರ್ಜಿಯನ್ನು ಖಲೀಫಾ ಎನ್ನುತ್ತಾರೆ. ಉಳಿದ ದರ್ಜಿಗಳಿಗೆ ಅದು ಬರೀ ಮರ್ಯಾದೆಯ ಮಾತು. ಪದ್ಮಾ ನದಿಯ ಈ ದಡದಲ್ಲಿ ಇಯಾದ್ ಖಲೀಫಾನಿಗೆ ಮಾತ್ರ ಅದು ಪಟ್ಟ.

ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳುತ್ತಿದ್ದೆ. ಕೇಳಿ ಕೇಳಿ ನನ್ನ ಹೊಲಿಗೆ ಮಿಷನ್ನಿಗೂ ಬಾಯಿಪಾಠವಾಗಿತ್ತು. ಪೂರ್ತಿ ಕೇಳಿಸಿಕೊಂಡು, ವೀಳ್ಯದ ಕೆಂಪು ಬಾಯಿ ತೆರೆದು ನಗುತ್ತಿದ್ದವಳು ಒಬ್ಬಳೇ, ಮಯಜಾನ್ ಬುಬು.

"ಖಲೀಫಾ, ನಿನ್ನ ಬೋರ್ಡಿನ ಮೇಲೆ 'ಟೈಲರ್' ಅಂತ ಬರೆಸಿದ್ದೀಯ. ಪಕ್ಕದಲ್ಲಿ ಜಾಗ ಉಳಿದಿದೆ ನೋಡು. 'ಇಲ್ಲಿ ಬುರುಡೆಯನ್ನೂ ಅಳತೆಗೆ ತಕ್ಕಂತೆ ಹೊಲಿದು ಕೊಡಲಾಗುವುದು' ಅಂತ ಸೇರಿಸು."

ಬುಬು ಎಂದರೆ ಅಕ್ಕ. ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ಆದರೆ ಆ ಎರಡನ್ನು ಇಪ್ಪತ್ತರ ಹಾಗೆ ಖರ್ಚು ಮಾಡುತ್ತಿದ್ದಳು. ಕಾಶಿಡಾಂಗಾದಲ್ಲಿ ನನ್ನ ಅಂಗಡಿಯ ಹಿಂದುಗಡೆಯೇ ಅವಳ ಅಂಗಳ. ನಡುವೆ ಒಂದು ಫಜ್ಲಿ ಮಾವಿನ ಮರ. ಅದರ ಹಣ್ಣೊಂದು ಉದುರಿದ ಸದ್ದಿಗೆ ಭೂಕಂಪವೆಂದು ಬೀದಿಗೆ ಓಡಿಬಂದವರಿದ್ದಾರೆ. ಬುಬುವಿನ ಮೈಯೋ, ಬಿಸಿಲಿಗೆ ಹಾಕಿದ ಸಣ್ಣ ಮೀನು. ಚೈತ್ರದ ಗಾಳಿ ಬೀಸುವಾಗ ಹಾರಿಹೋದಾಳೆಂದು ಸೆರಗಿನ ತುದಿಗೆ ಅಡಕತ್ತರಿ ಕಟ್ಟಿಕೊಂಡೇ ಹೊರಡುತ್ತಿದ್ದಳು. ಗಂಡ ದೋಣಿಯವನು, ತೀರಿಹೋಗಿ ಹನ್ನೆರಡು ವರ್ಷ. ಇಬ್ಬರು ಹೆಣ್ಣುಮಕ್ಕಳು ಗಂಡನ ಮನೆ ಸೇರಿದ್ದರು. ಬೆಳಿಗ್ಗೆ ಉದ್ದಿನ ಹಿಟ್ಟಿನ ದಪ್ಪ ರೊಟ್ಟಿಗೆ ಸುಟ್ಟ ಬದನೆಕಾಯಿ, ಸತ್ತವನನ್ನೂ ಎಬ್ಬಿಸಿ ಕೂರಿಸುವಂಥ ಮೆಣಸಿನಕಾಯಿ ಚಟ್ನಿ ತಿಂದು ಚಾಪೆಯ ಮೇಲೆ ಕೂತಳೆಂದರೆ, ಮಸೀದಿಯಲ್ಲಿ ಸಂಜೆಯ ಬಾಂಗ್ ಕೂಗುವವರೆಗೆ ಅವಳ ಸೂಜಿಯೂ ನಿಲ್ಲದು, ನಾಲಿಗೆಯೂ ಮಲಗದು.

ಮಧ್ಯಾಹ್ನದ ಅಡಿಗೆ ಮುಗಿದ ಮೇಲೆ ಕೇರಿಯ ಹೆಂಗಸರೆಲ್ಲ ಅಲ್ಲಿಗೆ. ಹನ್ನೊಂದು ಜನ, ನನ್ನ ಹೆಂಡತಿ ಸಬುರಾ ಸೇರಿ. ನಡುವೆ ಒಂದು ಕೌದಿ, ಸುತ್ತಲೂ ಹನ್ನೊಂದು ಸೂಜಿ. ಪಟ್ಟಣದವರು ಅದಕ್ಕೆ ನಕ್ಷಿ ಕಾಂಥಾ ಎಂದು ದೊಡ್ಡ ಹೆಸರಿಟ್ಟು ಗೋಡೆಗೆ ನೇತುಹಾಕುತ್ತಾರಂತೆ. ನಮಗೆ ಅದು ಚಳಿಗೆ ಹೊದೆಯುವ ಕೌದಿ. ಹುಟ್ಟಿದ ಕೂಸನ್ನು ಸುತ್ತುವುದೂ ಅದರಲ್ಲೇ, ಬಂದ ನೆಂಟನಿಗೆ ಹಾಸುವುದೂ ಅದನ್ನೇ. ನಡುವೆ ಪದ್ಮದ ಹೂವು, ನಾಲ್ಕು ಮೂಲೆಗೆ ಮರವೋ ಮೀನೋ, ಮಿಕ್ಕ ಜಾಗದಲ್ಲಿ ಆನೆ, ಬಾಚಣಿಗೆ, ದೋಣಿ, ಕನ್ನಡಿ, ಯಾರ ಮನಸ್ಸಿಗೆ ಏನು ಬಂತೋ ಅದು. ಯಾವುದೂ ಹೊಸ ಬಟ್ಟೆಯಲ್ಲ. ದಾರವೂ ಹೊಸದಲ್ಲ, ಹರಿದ ಸೀರೆಯ ಅಂಚಿನಿಂದ ಎಳೆ ಬಿಡಿಸಿ, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹುರಿ ಮಾಡಿದ್ದು.

ಹೊಲಿಯುವಾಗ ಗಂಡಸರು ಹೋಗಿ ಹೊಗೆಸೊಪ್ಪು ಕೇಳಿ ಬೈಸಿಕೊಂಡು ಬರಬಹುದು. ಆದರೆ ಕೌದಿ ಹಾಸುವ ದಿನ ಹಾಗಲ್ಲ. ಆ ದಿನ ಅಂಗಳಕ್ಕೆ ಗಂಡಸು ಕಾಲಿಡುವಂತಿಲ್ಲ, ಹುಂಜವನ್ನೂ ಬುಟ್ಟಿಯಡಿ ಕೂಡುತ್ತಾರೆ. ಬೂದಿನೀರಲ್ಲಿ ಕುದಿಸಿ, ಗಂಜಿ ಹಾಕಿ ಒಣಗಿಸಿದ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಮೂಲೆಗೆ ನಾಲ್ಕು ಹೆಂಗಸರು ಮಂಡಿಯೂರಿ, ಉಸಿರು ಬಿಗಿಹಿಡಿದು ಎಳೆಯುತ್ತಾರೆ. ಒಳಗೆ ಒಂದು ಸುಕ್ಕು ಉಳಿಯಬಾರದು. ಆಮೇಲೆ ಸುತ್ತಲೂ ಈಚಲು ಮುಳ್ಳು ಚುಚ್ಚಿ ನಿಲ್ಲಿಸಿ ದೊಡ್ಡ ದೊಡ್ಡ ಹೊಲಿಗೆ ಹಾಕುವುದು. ಮೇಲಿನ ಪದರ, ಕೆಳಗಿನ ಪದರ ಎಲ್ಲರಿಗೂ ಕಾಣುತ್ತದೆ. ನಡುವೆ ಏನು ಹೋಯಿತು ಎಂಬುದು ಕೌದಿಗೆ ಮತ್ತು ಮೂಲೆ ಹಿಡಿದ ಆ ನಾಲ್ವರಿಗೆ ಮಾತ್ರ ಗೊತ್ತು. ಅದನ್ನು ಕೌದಿಯ ಹೊಟ್ಟೆ ಎನ್ನುತ್ತಾರೆ. ಹೊಟ್ಟೆಯ ಮಾತು ಹೊರಗೆ ಬರಬಾರದು. ನನ್ನ ಹೆಂಡತಿ ಮೂವತ್ತೈದು ವರ್ಷದಲ್ಲಿ ನನ್ನ ಗುಟ್ಟುಗಳನ್ನೆಲ್ಲ ಮೂರು ಊರಿಗೆ ಹಂಚಿದ್ದಾಳೆ. ನಾನು ಹೊದ್ದು ಮಲಗುವ ಕೌದಿಯೊಳಗೆ ಏನಿದೆಯೆಂದು ನನಗೇ ಇವತ್ತಿನವರೆಗೂ ಹೇಳಿಲ್ಲ.

ಮಯಜಾನ್ ಬುಬುವಿನ ಬೆರಳಿನ ಬಗ್ಗೆ ಹೆಂಗಸರು ಏನೇನೋ ಹೇಳುತ್ತಿದ್ದರು. ಆರು ಜನ ಸೇರಿ ಹೊಲಿದ ಕೌದಿಯ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ, ಇದು ಇಂಥವಳ ಸಾಲು, ಇದು ಇಂಥವಳದು, ಇಲ್ಲಿ ಇವಳಿಗೆ ಗಂಡನ ಮೇಲೆ ಕೋಪ ಬಂದಿತ್ತು ಎನ್ನುತ್ತಾಳಂತೆ. ಒಮ್ಮೆ ಸಬುರಾಳಿಗೆ ಹಲ್ಲುನೋವು ಬಂದು ತನ್ನ ಪಾಲಿನ ಎರಡು ಸಾಲನ್ನು ತಂಗಿಯ ಮಗಳ ಕೈಲಿ ಹೊಲಿಸಿ ತೆಗೆದುಕೊಂಡು ಹೋದಳು. ಬುಬು ಒಮ್ಮೆ ಸವರಿ, "ಸಬುರಾ, ನೆನ್ನೆ ನಿನ್ನ ಕೈಗೆ ಹದಿನಾರು ವರ್ಷ ಆಗಿತ್ತಲ್ಲೇ, ಔಷಧಿ ಯಾವ್ದು? ನನಗೂ ಸ್ವಲ್ಪ ಕೊಡು" ಎಂದಳಂತೆ.

ನಾನು ನಂಬಲಿಲ್ಲ. ಬೆರಳಿಟ್ಟು ಹೇಳುವ ವಿದ್ಯೆ ಊರಿಗೊಬ್ಬನಿಗೆ ಇದ್ದರೆ ಸಾಕು, ಆ ಒಬ್ಬ ನಾನೇ ಆಗಿದ್ದೆನಲ್ಲ. ನನ್ನದು ಸುಳ್ಳೆಂದು ನನಗೊಬ್ಬನಿಗೆ ಗೊತ್ತಿತ್ತು, ಆದ್ದರಿಂದ ಅವಳದೂ ಸುಳ್ಳೇ ಇರಬೇಕೆಂದುಕೊಂಡಿದ್ದೆ.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ತೊಫಜ್ಜಲ್ ಬೇಪಾರಿ ಒಂದು ಗಂಟು ಹೊತ್ತು ಬಂದ. ಹಳೇ ಬಟ್ಟೆಯ ವ್ಯಾಪಾರಿ. ಊರೂರು ತಿರುಗಿ ಸ್ಟೀಲಿನ ಪಾತ್ರೆ ಕೊಟ್ಟು ಹಳೇ ಕೌದಿ ಎತ್ತಿಕೊಂಡು ಬರುವವನು. ಕೆಟ್ಟವನಲ್ಲ, ಆದರೆ ಅವನ ಕಣ್ಣಿಗೆ ಕಾಬಾದ ಹೊದಿಕೆಯೂ ಎಷ್ಟು ಗಜ ಎಂದೇ ಕಾಣುತ್ತಿತ್ತೇನೋ. ಢಾಕಾದ ಒಂದು ಅಂಗಡಿಯವರು ಹಳೇ ಕೌದಿಗಳನ್ನು ಕತ್ತರಿಸಿ ಕೋಟು ಹೊಲಿಸುತ್ತಾರಂತೆ, ಹನ್ನೆರಡು ಕೋಟು ಬೇಕಂತೆ, ಈ ದಡದಲ್ಲಿ ಅಂಥ ಕತ್ತರಿ ಇರುವುದು ಇಯಾದ್ ಖಲೀಫಾ ಒಬ್ಬನ ಕೈಯಲ್ಲಂತೆ. ಕೊನೆಯ ಮಾತು ಕೇಳಿದ ಮೇಲೆ ಮೊದಲಿನವನ್ನು ನಾನು ವಿಚಾರಿಸಲಿಲ್ಲ.

ಮೊದಲ ಕೌದಿಯನ್ನು ಮೇಜಿನ ಮೇಲೆ ಹರಡಿದೆ. ಕೊಳೆಯಾಗಿತ್ತು, ಅಂಚು ಸವೆದಿತ್ತು. ಆದರೆ ನಡುವಿನ ಪದ್ಮ ನೋಡಿ ನನ್ನ ಬಾಯೊಳಗಿದ್ದ ಬುರುಡೆ ಬಾಯೊಳಗೇ ಉಳಿಯಿತು. ಹೊಲಿಗೆ ಎಷ್ಟು ಸಣ್ಣದೆಂದರೆ, ಅದರ ನಡುವೆ ದಾರಿ ಸಿಗದೆ ಇರುವೆಯೊಂದು ಹಿಂದಿರುಗಿ ಹೋದದ್ದನ್ನು ನಾನೇ ಕಂಡೆ. ಬಿಳಿ ನೆಲದ ಮೇಲೆ ಬಿಳಿ ದಾರ ಅಲೆಯಲೆಯಾಗಿ ಹರಿದು, ಬಟ್ಟೆಯೇ ನೀರಾಗಿತ್ತು. ಮೂಲೆಗೊಂದು ಕೆಂಪು ಮೀನು.

"ಖಲೀಫಾ ಸಾಹೇಬ್ರೇ, ಈ ಮೀನು ಸರಿಯಾಗಿ ಜೇಬಿನ ಮೇಲೆ ಬರ್ಬೇಕು," ಎಂದ ಬೇಪಾರಿ, ನನ್ನದೇ ಕುರ್ಚಿಯಲ್ಲಿ ಕೂತು ನನ್ನದೇ ಚಹಾ ಹೀರುತ್ತ. "ಢಾಕಾದವರಿಗೆ ಮೀನು ತಟ್ಟೇಲಿ ಇರೋದಕ್ಕಿಂತ ಜೇಬಲ್ಲಿ ಇದ್ರೇ ಖುಷಿ."

"ಬರುತ್ತೆ, ಈಜ್ಕೊಂಡೇ ಬರುತ್ತೆ," ಎಂದು ನಾನು ಸುಣ್ಣದ ಬಳಪದಿಂದ ಗೆರೆ ಎಳೆದು, ಮೀನಿನ ಬಾಲದ ಕೆಳಗೆ ಕತ್ತರಿಯ ಮೂತಿ ಚುಚ್ಚಿದೆ.

ಅದೇ ಗಳಿಗೆಗೆ ಹಿಂಬಾಗಿಲಿಂದ ಮಯಜಾನ್ ಬುಬು ಬಂದಳು. "ಖಲೀಫಾ, ಕೆಂಪು ಅಂಚಿನ ಚೂರು ಏನಾದ್ರೂ ಬಿದ್ದಿದ್ಯಾ? ಪದ್ಮದ ಎಸಳಿಗೆ ದಾರ ಸಾಲ್ತಿಲ್ಲ. ಕೊಟ್ರೆ ದುವಾ ಮಾಡ್ತೀನಿ, ಕೊಡ್ದಿದ್ರೆ..." ಎನ್ನುತ್ತ ಮೇಜಿಗೆ ಕೈಯೂರಿದಳು. ಕೈ ಕೌದಿಯ ಮೇಲೆ ಬಿತ್ತು.

ಮಾತು ನಿಂತಿತು. ಅವಳ ಮಾತು ಅರ್ಧಕ್ಕೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿದ್ದು ಒಂದೇ ಸಲ, ಅವಳ ಗಂಡನನ್ನು ದೋಣಿಯಿಂದ ಇಳಿಸಿ ಅಂಗಳದಲ್ಲಿ ಮಲಗಿಸಿದ ದಿನ.

"ಕತ್ತರಿ ತೆಗಿ," ಎಂದಳು.

"ಏನಾಯ್ತು ಬುಬು?"

"ಕತ್ತರಿ ತೆಗಿ ಅಂದೆ."

ತೆಗೆದೆ. ಚುಚ್ಚಿದ ಜಾಗದ ಮೇಲೆ ಅಂಗೈ ಇಟ್ಟುಕೊಂಡು ನಿಂತೆ.

ಅವಳು ಕಣ್ಣು ಮುಚ್ಚಿದಳು. ಬಲಗೈಯ ತೋರುಬೆರಳನ್ನು ಅಂಚಿನ ಮೇಲಿಟ್ಟು ಮೆಲ್ಲಗೆ ಸರಿಸತೊಡಗಿದಳು. ಸ್ವಲ್ಪ ದೂರ ಹೋಗಿ ನಿಂತಿತು, ಮತ್ತೆ ಸರಿಯಿತು.

"ಇದು ನಮ್ಮ ಸೋನಾಭಾನ್ ಅತ್ತೆ," ಎಂದಳು. "ಅಪ್ಪನ ಅಕ್ಕ. ಏಳೆಂಟು ಸಣ್ಣ ಹೊಲಿಗೆ, ಆಮೇಲೆ ಒಂದು ಉದ್ದ. ನೋಡ್ಕೋ. ಅತ್ತೆಗೆ ಕೆಮ್ಮಿತ್ತು. ಕೆಮ್ಮಿದಾಗೆಲ್ಲ ಸೂಜಿ ಜಾರೋದು."

ನಾನು ಕನ್ನಡಕ ಏರಿಸಿ ಬಗ್ಗಿ ನೋಡಿದೆ. ಏಳು ಸಣ್ಣದು, ಒಂದು ಉದ್ದ. ಎಂಟು ಸಣ್ಣದು, ಒಂದು ಉದ್ದ. ಏಳು, ಒಂದು ಉದ್ದ. ಅಂಚಿನುದ್ದಕ್ಕೂ ಹಾಗೇ. ಎಂದೋ ಸತ್ತುಹೋದ, ನಾನು ಮುಖವನ್ನೇ ಕಾಣದ ಹೆಂಗಸೊಬ್ಬಳು ನನ್ನ ಮೇಜಿನ ಮೇಲೆ ಕೆಮ್ಮುತ್ತಿದ್ದಳು.

ಬೆರಳು ಪದ್ಮದವರೆಗೆ ಹೋಯಿತು. "ಇದು ಅಮ್ಮ," ಎಂದಳು. ಅಷ್ಟೇ.

"ಅದು ಹೇಗೆ ಗೊತ್ತಾಯ್ತು?" ಎಂದು ಬೇಪಾರಿ ಕುರ್ಚಿ ಬಿಟ್ಟು ಎದ್ದ.

"ಕತ್ತಲಲ್ಲಿ ನಿಮ್ಮಮ್ಮ ಕರೆದ್ರೆ ನಿನಗೆ ಹೇಗಪ್ಪ ಗೊತ್ತಾಗುತ್ತೆ?"

ಅವಳ ತವರಿನ ಕಥೆ ನಮಗೆಲ್ಲ ತಿಳಿದದ್ದೇ. ನಮ್ಮ ಪದ್ಮಾ ನದಿ ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಒಂದು ಸಂತೆ ನುಂಗಿ, ಸಂಜೆಗೆ ಬಾಯಿ ಒರೆಸಿಕೊಂಡು ಏನೂ ಉಂಡೇ ಇಲ್ಲವೆಂಬಂತೆ ಹರಿಯುವ ಹೆಂಗಸು. ನಲವತ್ತು ವರ್ಷದ ಹಿಂದೆ ಒಂದು ಭಾದ್ರಪದದಲ್ಲಿ ಮಯಜಾನಳ ತವರೂರನ್ನು ಹಾಗೇ ನುಂಗಿದಳು. ಮನೆ ಹೋಯಿತು. ಅದಕ್ಕೆ ಎರಡು ವರ್ಷ ಮುಂಚೆ ತೀರಿದ್ದ ತಾಯಿಯ ಗೋರಿಯೂ ಹೋಯಿತು. ಸಾಮಾನು ತುಂಬಿದ ದೋಣಿ ಸೆಳವಿಗೆ ಸಿಕ್ಕಿ ಯಾವ ದಡ ಸೇರಿತೋ, ಯಾರ ಪಾಲಾಯಿತೋ. ಬೇರೆಯವರು ಹಬ್ಬದ ದಿನ ಗೋರಿಗಳ ಹತ್ತಿರ ಹೋಗಿ ದುವಾ ಮಾಡುತ್ತಾರೆ. ಮಯಜಾನ್ ಬುಬು ದಡದಲ್ಲಿ ನಿಂತು ನೀರನ್ನು ನೋಡಿ, "ಎಲ್ಲಿದ್ದಾಳೋ ಅಲ್ಲಿಗೆ ಮುಟ್ಟಿಸು" ಎಂದು ಕೈಯೆತ್ತಿ ಬರುತ್ತಿದ್ದಳು. ತಾಯಿಯದೆಂದು ಒಂದು ಚೂರು ಬಟ್ಟೆಯೂ ಅವಳ ಬಳಿ ಇರಲಿಲ್ಲ.

"ಇದು ನನ್ನದು," ಎಂದಳು. "ಅಮ್ಮನದು. ಕೊಡಿ."

ಬೇಪಾರಿ ನಕ್ಕ, ಗಡ್ಡ ಕೆರೆದುಕೊಂಡ. "ಖಾಲಾ, ನೀವು ನನಗೆ ಚಿಕ್ಕಮ್ಮ ಇದ್ದ ಹಾಗೆ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ನಾನು ಇದನ್ನ ಆಚೆ ದಡದ ಒಂದು ಮನೇಲಿ ದೊಡ್ಡ ಬೋಗುಣಿ ಕೊಟ್ಟು ತಂದಿದ್ದು. ಅವರೂ ನಮ್ಮಜ್ಜೀದು ಅಂದ್ರು. ಹನ್ನೆರಡು ಕೌದಿ ತಂದೆ, ಹನ್ನೆರಡೂ ಕಡೆ ಅಜ್ಜೀದೇ. ಕೆಮ್ಮು ಕೇಳಿಸ್ತು ಅಂತ ಕೊಡ್ತಾ ಹೋದ್ರೆ ನಾನು ಗೋಣಿಚೀಲ ಉಟ್ಕೋಬೇಕಾಗುತ್ತೆ."

"ಮತ್ತೆ ಹೇಗೆ ಹೇಳ್ಬೇಕು ನಿನಗೆ?"

"ಮೇಲೆ ಕಾಣೋದನ್ನ ಯಾರಾದ್ರೂ ಹೇಳ್ತಾರೆ. ಒಳಗೇನಿದೆ ಹೇಳಿ. ಹೇಳಿದ್ದು ಒಳಗಿದ್ರೆ ತಗೊಂಡು ಹೋಗಿ. ಇಲ್ದಿದ್ರೆ ಖಲೀಫಾ ಕತ್ತರಿ ಹಾಕ್ಲಿ."

ಅಷ್ಟು ಹೊತ್ತಿಗೆ ಹಿಂಬಾಗಿಲಲ್ಲಿ ಸಬುರಾಳ ಹಿಂದೆ ಅಂಗಳದ ಹೆಂಗಸರೆಲ್ಲ ಗುಂಪಾಗಿದ್ದರು. ಬೇಪಾರಿಯ ಮಾತು ಕೇಳಿ ಅವರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡ ರಭಸಕ್ಕೆ ನನ್ನ ಗೋಡೆಯ ಕ್ಯಾಲೆಂಡರು ಅತ್ತ ವಾಲಿತು.

"ಹೇಳ್ಬೇಡ ಬುಬು," ಎಂದಳು ಸಬುರಾ. "ಗಂಡಸರ ಮುಂದೆ ಹೊಟ್ಟೆ ಮಾತು ಹೇಳ್ತಾರಾ? ಹಾಸಿದವರ ಆಣೆ ಇರುತ್ತೆ."

ಬುಬು ಕೌದಿಯನ್ನೊಮ್ಮೆ ನೋಡಿದಳು. ಅಡಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದಳು. ಹೇಳಿದರೆ ತಾಯಿಯ ಮಾತು ಮುರಿದಂತೆ, ಹೇಳದಿದ್ದರೆ ತಾಯಿಯದನ್ನು ನಾಲ್ಕು ತುಂಡು ಮಾಡಿ ಗುಂಡಿ ಹಚ್ಚಿದಂತೆ. ಆಮೇಲೆ ಹೇಳಿದಳು:

"ಗೊತ್ತು ಕಣೇ. ಹಾಸಿದವರು ನಾಲ್ಕು ಜನ. ಅಮ್ಮ, ಅತ್ತೆ, ಅಜ್ಜಿ. ಆವತ್ತು ಪಕ್ಕದ ಮನೆಯವಳಿಗೆ ಜ್ವರ ಅಂತ ನಾಲ್ಕನೇ ಮೂಲೆ ನನ್ನ ಕೈಗೆ ಕೊಟ್ರು. ಒಂಬತ್ತು ವರ್ಷ ನನಗೆ. ಆಣೆ ಮಾಡಿಸ್ಕೊಂಡ್ರು. ಮೂವರೂ ಹೋದ್ರು, ನಾನೊಬ್ಳು ಉಳಿದೆ. ಈಗ ನಾನು ಹೇಳ್ದಿದ್ರೆ ಕತ್ತರಿ ಹೇಳುತ್ತೆ. ಕತ್ತರಿ ಬಾಯಿಗಿಂತ ನನ್ನ ಬಾಯಿ ವಾಸಿ."

ಬೇಪಾರಿಯ ಕಡೆ ತಿರುಗಿದಳು.

"ಐದು ಪದರ ಇದೆ. ಮೇಲಿಂದು ಅಮ್ಮನ ಬಿಳಿ ಸೀರೆ. ಅದರ ಕೆಳಗೆ ಅತ್ತೇದು, ಹಸಿರು ಗೀಟಿಂದು. ಕೆಳಗಿನ ಎರಡೂ ಅಜ್ಜೀದು. ನಡುವಿಂದು..." ಎಂದು ತಡೆದಳು. ಕಿವಿಯ ತುದಿ ಕೆಂಪಾಯಿತು. "ನಡುವಿಂದು ಅಪ್ಪನ ಲುಂಗಿ."

ಹೆಂಗಸರಲ್ಲಿ ಯಾರೋ "ಅಯ್ಯೋ ಅಲ್ಲಾ!" ಎಂದಳು. ಲುಂಗಿ ಒಳಗೆ ಹಾಕಿದ ಕೌದಿಯೆಂದರೆ ಮನೆಯಲ್ಲಿ ಸೀರೆಗೂ ಗತಿಯಿಲ್ಲವೆಂದು ಊರಿಗೇ ಡಂಗುರ ಸಾರಿದ ಹಾಗೆ.

"ನಗ್ರೇ, ನಗ್ರಿ," ಎಂದಳು ಬುಬು, ತಾನೇ ಅರ್ಧ ನಗುತ್ತ, ಅರ್ಧ ಕಣ್ಣು ಒರೆಸಿಕೊಳ್ಳುತ್ತ. "ಸೀರೆ ಸಾಲ್ಲಿಲ್ಲ. ಆಮೇಲೆ ನನ್ನ ನೋಡೋಕೆ ಗಂಡಿನ ಕಡೆಯವರು ಬಂದಾಗ ನಮ್ಮ ಮಾವನಿಗೆ ಇದನ್ನೇ ಹೊದೆಸಿದ್ದು. ಬೆಳಿಗ್ಗೆ ಎದ್ದು, 'ಇಂಥ ಬೆಚ್ಚನೆ ಕೌದಿ ನಾನು ಜನ್ಮದಲ್ಲಿ ಹೊದ್ದಿಲ್ಲ, ಈ ಮನೆ ಹುಡುಗೀನೇ ಬೇಕು' ಅಂದ್ರು. ಬೀಗರ ಲುಂಗಿ ಬೆಚ್ಚಗಿತ್ತು ಅಂತ ಅವರಿಗೇನು ಗೊತ್ತು! ಅಮ್ಮ ಒಲೆ ಹಿಂದೆ ಕೂತು ಬಾಯಿಗೆ ಸೆರಗು ತುರುಕ್ಕೊಂಡಿದ್ಲು."

"ಲುಂಗಿ ಯಾರ ಮನೇಲಿಲ್ಲ ಖಾಲಾ?" ಎಂದ ಬೇಪಾರಿ. ಅವನ ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. "ಅಂದಾಜಿಗೆ ಹೇಳಿದ್ರೂ ಹತ್ತಕ್ಕೆ ಎರಡು ಸಲ ಸರಿಯಾಗುತ್ತೆ."

"ನೀಲಿ ಚೌಕಳಿ. ಈ ಮೀನಿನ ಹತ್ರ ಬೀಡಿ ಕಿಡಿ ಬಿದ್ದು ಸುಟ್ಟ ತೂತು, ಮೂರು. ಒಂದರ ಪಕ್ಕ ಒಂದು. ಬಟ್ಟೆ ಜೀರ್ಣ ಆಗಿತ್ತು, ಗಟ್ಟಿ ಬರ್ಲಿ ಅಂತ ಅಮ್ಮ ಅದರ ಪಕ್ಕಕ್ಕೇ ಮೀನು ಹೊಲಿದ್ಲು. ಇದೂ ಅಂದಾಜೇನಪ್ಪ?"

ಬೇಪಾರಿ ಮೀನಿನ ಕಡೆ ಬಗ್ಗಿದ. ನಾನು ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದೆ.

ನಾನು ಬ್ಲೇಡು ಕೊಡಹೋದೆ. ಬುಬು ಅದನ್ನು ಮುಟ್ಟಲಿಲ್ಲ. ರವಿಕೆಯಿಂದ ತನ್ನ ಸೂಜಿ ತೆಗೆದಳು. ಮೀನಿನ ಹತ್ತಿರ ಬಗ್ಗಿ, "ಮೀನು ಅಮ್ಮಂದು, ಅದನ್ನ ಮುಟ್ಟಲ್ಲ. ಅಂಚಿನವರೆಗಿನ ಈ ನೀರು ನಂದು. ಹುಡುಗೀರಿಗೆ ಯಾವಾಗ್ಲೂ ನೀರೇ ಕೊಡೋದು, ಕೆಟ್ರೂ ಗೊತ್ತಾಗಲ್ಲ ಅಂತ," ಎಂದು ತನ್ನದೇ ಸಾಲುಗಳನ್ನು ಸೂಜಿಯ ಮೊನೆಯಿಂದ ಒಂದೊಂದಾಗಿ ಎಬ್ಬಿಸತೊಡಗಿದಳು.

ಒಂಬತ್ತು ವರ್ಷದ ಹುಡುಗಿ ಹೊಲಿದದ್ದನ್ನು ಅರವತ್ತೊಂದು ವರ್ಷದ ಮುದುಕಿ ಬಿಚ್ಚುತ್ತಿದ್ದಳು. ನನ್ನ ಮಿಷನ್ನು, ನನ್ನ ಅಳತೆ ಟೇಪು, ಗೋಡೆಗೆ ತೂಗುಹಾಕಿದ ಅರ್ಧ ಹೊಲಿದ ಪಂಜಾಬಿ ಅಂಗಿಗಳು, ಎಲ್ಲವೂ ಕತ್ತು ಚಾಚಿ ನೋಡುತ್ತಿದ್ದವು. ಇದು ಉತ್ಪ್ರೇಕ್ಷೆಯಲ್ಲ. ಬಿಚ್ಚಿದ ದಾರವನ್ನು ಅವಳು ಬಿಸಾಡದೆ ಎಡಗೈಯ ಕಿರುಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಮೂಲೆ ಸಡಿಲವಾಯಿತು. ಪದರಗಳು ಹಳೇ ಪುಸ್ತಕದ ಹಾಳೆಗಳಂತೆ ಬಿಟ್ಟುಕೊಂಡವು. ಮೊದಲು ಬಿಳಿ, ಬಿಡದೆ ಹಿಡಿದಿದ್ದ ನನ್ನ ಅಂಗೈಯ ಸಮೇತ. ಅದರಡಿ ಹಸಿರು ಗೀಟು. ಅದನ್ನೂ ಎತ್ತಿದಳು.

ನೀಲಿ ಚೌಕಳಿ.

ಬೆಳಕು ಕಾಣದೆ ಐವತ್ತೆರಡು ವರ್ಷ ಒಳಗಿದ್ದ ಆ ನೀಲಿ, ಈಗ ತಾನೇ ಸಂತೆಯಲ್ಲಿ ಕೊಂಡು ತಂದಂತೆ ಹೊಳೆಯುತ್ತಿತ್ತು. ಮೇಲಿನ ಲೋಕದಲ್ಲಿ ಊರು ಮುಳುಗಿತು, ಜನ ಸತ್ತರು, ದೋಣಿ ತಪ್ಪಿತು. ಒಳಗೆ ಒಬ್ಬ ರೈತನ ಲುಂಗಿ ತನ್ನ ಬಣ್ಣವನ್ನು ಕಾಪಾಡಿಕೊಂಡು ಕೂತಿತ್ತು. ನಾನು ಟೋಪಿ ತೆಗೆದು ಮತ್ತೆ ಹಾಕಿಕೊಂಡೆ, ಯಾಕೆಂದು ಗೊತ್ತಿಲ್ಲ.

ಬೇಪಾರಿ ಮೊಣಕಾಲೂರಿ ಕಣ್ಣನ್ನು ಬಟ್ಟೆಗೆ ತಾಗಿಸಿದ. "ಒಂದು," ಎಂದ. "ಎರಡು. ಮೂರು." ಆಮೇಲೆ ಅವನ ಮುಖ ಬದಲಾಯಿತು. "ನಾಲ್ಕು! ನಾಲ್ಕಿದೆ ಖಾಲಾ. ನೀವು ಮೂರು ಅಂದಿದ್ರಿ."

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಲವತ್ತಾರು ವರ್ಷದ ಬಾಯಿ, ದಿನಕ್ಕೆ ನೂರು ಸುಳ್ಳು ಸಲೀಸಾಗಿ ಹೇಳುತ್ತಿದ್ದದ್ದು, ಒಂದು ನಿಜಕ್ಕೆ ತೆರೆಯದೆ ಬೀಗ ಹಾಕಿಕೊಂಡಿತು.

ಬುಬು ನನ್ನ ಕಡೆ ನೋಡಲೇ ಇಲ್ಲ. ತೂತುಗಳ ಮೇಲೆ ಬೆರಳಿಟ್ಟಳು. "ಇದು ಒರಟು. ಇದೂ ಒರಟು. ಇದೂನೂ. ಸುಟ್ಟ ಅಂಚು ಗಂಟು ಕಟ್ಟಿದೆ. ಮುಟ್ಟಿ ನೋಡು ಬೇಪಾರಿ." ಅವನು ಮುಟ್ಟಿದ. "ಇನ್ನು ಈ ನಾಲ್ಕನೇದು. ಬೆಣ್ಣೆ ಹಾಗಿದೆ, ಅಲ್ವಾ?" ಆಮೇಲೆ ಪದರ ಮಗುಚಿ ಹಸಿರು ಗೀಟಿನಲ್ಲಿ ಒಂದು ತೂತು, ಕೆಳಗಿನ ಎರಡರಲ್ಲೂ ಒಂದೊಂದು ತೋರಿಸಿದಳು. ನೇರ ಒಂದೇ ಗೆರೆಯಲ್ಲಿ. "ಅಪ್ಪನ ಬೀಡಿ ಅಪ್ಪನ ಲುಂಗೀನ ಸುಟ್ಟಿತು. ಇದು ಐದೂ ಪದರ ದಾಟಿದೆ. ಬೀಡಿಗೆ ಇಷ್ಟು ಹಲ್ಲಿರಲ್ಲಪ್ಪ. ಖಲೀಫಾ, ಕೈ ಎತ್ತು."

ಎತ್ತಿದೆ. ಅಂಗೈಯಡಿ ಬಿಳಿಯ ಮೇಲೆ ಸುಣ್ಣದ ಗೆರೆ, ಗೆರೆಯ ತುದಿಗೆ ನನ್ನ ಕತ್ತರಿಯ ಮೂತಿಯ ಗುರುತು.

"ಅಲ್ಲಾ ಕಾಪಾಡ್ಲಿ," ಎಂದಳು ನನ್ನ ಹೆಂಡತಿ, ಇಡೀ ಸಂತೆಗೆ ಕೇಳುವ ಹಾಗೆ. "ನಲವತ್ತಾರು ವರ್ಷ ಕೂದಲೆಳೆಯಷ್ಟೂ ತಪ್ಪದ ಕತ್ತರಿ ಇವತ್ತು ಬುಬು ಅಪ್ಪನ ಲುಂಗಿಗೇ ಬಿತ್ತಾ! ಬಾಯಾದ್ರೂ ಬಿಡಬಾರದಿತ್ತಾ?"

ಬೇಪಾರಿ ನಿಧಾನವಾಗಿ ಎದ್ದು ನಿಂತ. ಕೌದಿಯನ್ನು ಎರಡೂ ಕೈಯಲ್ಲಿ ಎತ್ತಿ, ನಮಾಜಿನ ಚಾಪೆ ಮಡಚುವಷ್ಟು ಜೋಪಾನವಾಗಿ ಮಡಚಿ, ಅವಳ ತೋಳಿನ ಮೇಲಿಟ್ಟ. "ತಗೊಳ್ಳಿ ಖಾಲಾ. ನಾನು ಇಪ್ಪತ್ತು ವರ್ಷದಿಂದ ಇವನ್ನ ಹೊತ್ತು ತಿರುಗ್ತಿದ್ದೀನಿ. ಒಳಗೆ ಜನ ಇದ್ದಾರೆ ಅಂತ ಗೊತ್ತಿರ್ಲಿಲ್ಲ."

ಹಾಗೆಂದು ಅವನೇನೂ ಸಂತನಾಗಲಿಲ್ಲ. ಉಳಿದ ಹನ್ನೊಂದನ್ನು ಗಂಟು ಕಟ್ಟಿಕೊಂಡು ಪಟ್ಟಣದ ಇನ್ನೊಬ್ಬ ದರ್ಜಿಯ ಬಳಿ ಹೋದ. ನನಗೆ ಆ ಕೆಲಸ ಬೇಕಿರಲಿಲ್ಲ; ಆ ಗಂಟನ್ನು ನೋಡಿದರೆ ಹನ್ನೊಂದು ಕೋಣೆಯಿಂದ ಹೆಂಗಸರು ಕೆಮ್ಮುವುದು, ಹಾಡಿಕೊಳ್ಳುವುದು, ಕೂಸನ್ನು ಗದರುವುದು ಕೇಳಿಸುತ್ತಿತ್ತು.

ಬುಬು ಕೌದಿಯನ್ನು ಮನೆಗೆ ಒಯ್ಯುವ ಮೊದಲು ಅಲ್ಲೇ, ನನ್ನ ಅಂಗಡಿಯ ಹೊಸ್ತಿಲಲ್ಲಿ ಕೂತಳು. ತೆರೆದ ಮೂಲೆಯೊಳಗೆ ಕೈ ತೂರಿಸಿ, ಬಿಳಿ ಸೀರೆಯ ಒಳಮೈಗೆ ಅಂಗೈ ಒತ್ತಿಟ್ಟು, ತುಟಿಯಲ್ಲೇ ಫಾತಿಹಾ ಓದಿದಳು. ಹೆಂಗಸರೂ ಕೈಯೆತ್ತಿದರು. ನಾನೂ ಎತ್ತಿದೆ.

ಮೂರು ದಿನ ಬಿಟ್ಟು ಮಧ್ಯಾಹ್ನ ಸಬುರಾ ಬಂದು, "ನಡಿ. ಬುಬು ಕರೀತಿದ್ದಾಳೆ. ತೂತು ಮಾಡಿದವನೇ ಮುಚ್ಚಬೇಕಂತೆ," ಎಂದಳು.

"ಮಿಷನ್ನಿಗೆ ಕೊಟ್ರೆ ಎರಡು ನಿಮಿಷ," ಎಂದೆ.

"ಅಲ್ಲಿಗೆ ಬಂದು ಹೇಳು ಆ ಮಾತು, ಹನ್ನೊಂದು ಸೂಜಿ ಇವೆ."

ಹೋದೆ. ಅಂಗಳದ ನಡುವೆ ತೊಳೆದು ಒಣಗಿಸಿದ ಕೌದಿ ಹರಡಿತ್ತು. ಸುತ್ತ ಹೆಂಗಸರು. ತೆರೆದ ಮೂಲೆಯನ್ನು ಬುಬು ಆಗಲೇ ಎಳೆದು, ಪದರ ಕೂಡಿಸಿ, ಈಚಲು ಮುಳ್ಳು ಚುಚ್ಚಿ ನಿಲ್ಲಿಸಿದ್ದಳು. ಹುಡುಗಿಯಾಗಿ ಹೊಲಿದಿದ್ದ ನೀರಿನ ಸಾಲುಗಳನ್ನು ಅದೇ ಹಳೆಯ ದಾರದಲ್ಲಿ, ಅದೇ ಹಳೆಯ ತೂತುಗಳಲ್ಲಿ ಮತ್ತೆ ಹೊಲಿದೂ ಮುಗಿಸಿದ್ದಳು. ನನ್ನ ಕತ್ತರಿಯ ಜಾಗ ಒಂದೇ ಬಾಕಿ, ಎರಡು ಬೆರಳಗಲ. ಯಾರದೋ ಅಂಚಿನಿಂದ ಎಳೆದ ಬಿಳಿ ದಾರ ಪೋಣಿಸಿ ಸೂಜಿ ನನ್ನ ಕೈಗೆ ಕೊಟ್ಟರು.

ಇಯಾದ್ ಖಲೀಫಾ ಹನ್ನೊಂದು ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಹೊಲಿದ. ಬೀದಿಯಲ್ಲಿ ಹೋಗುತ್ತಿದ್ದವರು ಬೇಲಿಯ ಮೇಲೆ ಇಣುಕಿ ನೋಡಿ ಸುದ್ದಿಯನ್ನು ರಾಜಶಾಹಿ ಪಟ್ಟಣದವರೆಗೆ ಮುಟ್ಟಿಸಿದರಂತೆ. ಆದರೆ ಹೊಲಿಗೆ ನನ್ನ ಕಸುಬು. ಮಾನ ಉಳಿಸಿಕೊಳ್ಳುವ ಹಟ ಬಂತು. ಉಸಿರು ಹಿಡಿದು, ಎಳೆ ಎಣಿಸಿ, ಮೂರೆಳೆ ಮೇಲೆ ಮೂರೆಳೆ ಕೆಳಗೆ, ಒಂದು ಸಾಲು, ಎರಡು, ಐದು, ಒಂಬತ್ತು. ಅಳತೆಪಟ್ಟಿ ಇಟ್ಟರೂ ಒಂದು ಹೊಲಿಗೆ ಇನ್ನೊಂದಕ್ಕಿಂತ ಉದ್ದವಿಲ್ಲ, ಒಂದೂ ಸೊಟ್ಟವಿಲ್ಲ. ದಾರ ಕಡಿದು, ಎದೆಯುಬ್ಬಿಸಿ ಹಿಂದೆ ಸರಿದೆ.

"ನೋಡು ಬುಬು," ಎಂದೆ. "ಈಗ ಹೇಳು. ಎಲ್ಲಾದ್ರೂ ಒಂದು ತಪ್ಪು ತೋರ್ಸು, ನಾಳೆಯಿಂದ ಅಂಗಡಿ ಮುಚ್ತೀನಿ."

ಬುಬು ಕಣ್ಣು ಮುಚ್ಚಿದಳು. ಬೆರಳು ನನ್ನ ಒಂಬತ್ತು ಸಾಲಿನ ಮೇಲೆ ಆ ಕಡೆಯಿಂದ ಈ ಕಡೆ ಹೋಯಿತು, ಈ ಕಡೆಯಿಂದ ಆ ಕಡೆ ಬಂತು. ಹೆಂಗಸರ ಸೂಜಿಗಳೆಲ್ಲ ನಿಂತವು. ನನ್ನ ಅಪ್ಪ ಕಂಡನೋ, ನನ್ನ ಬಾಲ್ಯ ಕಂಡಿತೋ, ನನ್ನ ಯಾವ ಗುಟ್ಟು ಈಗ ಹೊರಬೀಳುತ್ತದೋ ಎಂದು ನಾನು ಅವಳ ಬೆರಳನ್ನೇ ನೋಡುತ್ತಿದ್ದೆ.

ಅವಳು ಕಣ್ಣು ತೆರೆದಳು.

"ಒಂದು ತಪ್ಪೂ ಇಲ್ಲ ಖಲೀಫಾ," ಎಂದಳು. "ಭಾರೀ ನೇರ. ನಿನ್ನ ಮಿಷನ್ನು ಬಂದು ಹೊಲಿದು ಹೋಯ್ತು. ಬಿಚ್ಚು, ಈ ಸಲ ನೀನು ಹೊಲಿ."